ರೆಕ್ಕೆ ಮುರಿಯುತ್ತದೆ ಅಂದೆಯಲ್ಲ, ಮಾವ

ಮಾವನಿಗೆ, ನಿನ್ನ ಅಕ್ಕನ ಮಗ ನಂಜುಂಡ ಬರೆಯುವ ಕಾಗದ.

ಕ್ಷೇಮವೇ ಎಂದು ಕೇಳಿ ಶುರು ಮಾಡಬೇಕು ಅಂತ ಇಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ನಿನ್ನನ್ನು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದು ಒಂದೂವರೆ ತಿಂಗಳಾಗಿದೆ, ಆ ಮಾತನ್ನು ಯಾವ ಬಾಯಲ್ಲಿ ಕೇಳಲಿ? ನೇರವಾಗಿ ಜಗಳಕ್ಕೇ ಬರುತ್ತೇನೆ. ನನಗೆ ನಿನ್ನ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದರ ಎರಡರಷ್ಟಿದೆ. ಬದುಕಿದ್ದಾಗ ನೀನು ನನ್ನ ಒಂದು ಕಾಗದವನ್ನೂ ಓದಿದವನಲ್ಲ, ಓದು ಬರುತ್ತಿರಲಿಲ್ಲ. ಹೋದ ಕಡೆಯಲ್ಲಾದರೂ ಯಾರಾದರೂ ಅಕ್ಷರ ತಿದ್ದಿಸಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ.

ಆ ಶನಿವಾರ ನಾನು ಬೆಂಗಳೂರಿನಿಂದ ಬಂದು ಮಧುಗಿರಿಯ ನಿಮ್ಮ ಜಗಲಿಯ ಮೇಲೆ ನಕ್ಷೆ ಬಿಡಿಸಿದ್ದು ನಿನಗೆ ಮರೆತಿರಲಾರದು. ನಾನು ವಿಮಾನದ ಕಾರ್ಖಾನೆಗೆ ಸೇರಿ ಆಗ ಮೂರು ವರ್ಷ. ಇಂಜಿನಿಯರುಗಳು ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಗೆರೆಗೆ ಗೆರೆ ಎಳೆಯುವುದು ನನ್ನ ಕೆಲಸ. ಟ್ರೇಸರ್ ಅನ್ನುತ್ತಾರೆ. ನೀನು ಮಾತ್ರ ಊರೆಲ್ಲ ‘ನಮ್ ನಂಜ ಇಮಾನ ಮಾಡ್ತಾನೆ’ ಎಂದು ಸಾರಿಕೊಂಡು ಬಂದಿದ್ದೆ. ಯುದ್ಧ ಮುಗಿದಿತ್ತು, ಕೆಲಸ ಕಡಿಮೆಯಾಗಿತ್ತು. ನಮ್ಮ ವಿಭಾಗದ ಇಂಗ್ಲಿಷ್ ಸಾಹೇಬರು ಅವರ ಊರಿನಿಂದ ಬಂದ ಪತ್ರಿಕೆಯ ಒಂದು ಚಿತ್ರ ಕೊಟ್ಟು, ಇದನ್ನು ದೊಡ್ಡದು ಮಾಡಿ ಬರೆ ಅಂದಿದ್ದರು. ಜರ್ಮನಿಯವರು ಪರೀಕ್ಷೆಗೆಂದು ಕಟ್ಟಿದ ಜೆಟ್ ವಿಮಾನ ಅದು. ಮುಂದುಗಡೆ ತಿರುಗುವ ಪಂಖವಿಲ್ಲ, ಹಿಂದಕ್ಕೆ ಬೆಂಕಿಗಾಳಿ ಉಗುಳಿಕೊಂಡು ಮುಂದಕ್ಕೆ ನುಗ್ಗುವಂಥದ್ದು. ಅದಕ್ಕಿಂತ ವಿಚಿತ್ರ ಅದರ ರೆಕ್ಕೆ. ಬಾಲದ ಕಡೆಗೆ ವಾಲಬೇಕಾದದ್ದು ಮೂತಿಯ ಕಡೆಗೆ ವಾಲಿತ್ತು, ಯಾರನ್ನೋ ತಬ್ಬಿಕೊಳ್ಳಲು ತೋಳು ಚಾಚಿದ ಹಾಗೆ. ನಮ್ಮ ಕೋಣೆಯ ಹೆಡ್ ಗುಮಾಸ್ತರು ನೋಡಿ, ‘ಬಾಲಕ್ಕೆ ಮೂತಿ ಬರೆದಿದ್ದೀಯಲ್ಲಯ್ಯ’ ಎಂದು ನನಗೇ ಬೈದಿದ್ದರು.

ನೀನು ಬೈಯಲಿಲ್ಲ. ಮಂಜಾದ ಕಣ್ಣನ್ನು ಕಿರಿದು ಮಾಡಿ ಕಾಗದಕ್ಕೆ ಮೂಗು ತಾಗಿಸಿ ನೋಡಿದೆ.

‘ಯಾವ್ ಕಡೀಕ್ ಹೋಯ್ತದ್ಲಾ ಇದು?’

‘ಈ ಕಡೆಗೆ ಮಾವ.’

‘ಗಾಳಿ?’

‘ಎದುರಿಗೆ.’

ಅಷ್ಟೇ ಕೇಳಿದ್ದು. ಬಾಗಿಲ ಬಳಿ ಅತ್ತೆ ಹೆಣೆಯುತ್ತಿದ್ದ ಅರ್ಧ ಮೊರವನ್ನು ನೀನು ಅವಳ ಕೈಯಿಂದ ಕಿತ್ತುಕೊಂಡೆ, ಅವಳು ‘ಅಯ್ಯೋ, ಎಳೆ ಬಿಚ್ಚೋಯ್ತದೆ’ ಅಂದರೂ ಕೇಳಲಿಲ್ಲ. ಒಂದು ಮೂಲೆ ಹಿಡಿದು ಮುಂದಕ್ಕೆ ಚಾಚಿದೆ, ಇನ್ನೊಂದು ಕೈಯನ್ನು ಏನೋ ಮಾಡಿ ತೋರಿಸಿದೆ. ನಾನು ನೋಡಲಿಲ್ಲ ಮಾವ. ನಕ್ಷೆ ಗಾಳಿಗೆ ಹಾರದಂತೆ ಅದರ ಮೇಲೆ ಕಲ್ಲು ಇಡುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದು ನಿನ್ನ ಮಾತು ಮಾತ್ರ: ‘ಇದು ಮುರೀತದೆ ಕಣ್ಲಾ. ತುದಿ ನಿಲ್ಲಾಕಿಲ್ಲ. ಎಳೇನ ಓರೆಗೆ ಹಾಕ್ಬೇಕು. ರೆಕ್ಕೆ ಎಷ್ಟು ಮುಂದುಕ್ ವಾಲ್ತದೋ ಎಳೆ ಅದುಕ್ಕಿಂತ್ಲೂ ಮುಂದುಕ್ ವಾಲ್ಬೇಕು. ಗೇಣಿಗೆ ಎರಡು ಬೆರ್ಳು ಓರೆ. ಆಗ ಮುರಿಯಾಕಿಲ್ಲ.’ ಜರ್ಮನಿಯವರು ಇಂಜಿನಿಯರುಗಳು ಮಾವ, ಅಂದೆ ನಾನು. ‘ಆಗ್ಲಿ ಬುಡು, ಅವ್ರು ಮೊರ ಹೆಣ್ದವ್ರಾ?’ ಅಂದೆ ನೀನು.

ಮುಂದಿನ ತಿಂಗಳು ನಾನು ಬರುವ ಹೊತ್ತಿಗೆ ಎರಡು ಮೊಳದ ಎರಡು ರೆಕ್ಕೆ ತಯಾರಾಗಿದ್ದವು. ಬಿದಿರು ಸೀಳಿ ಹೆಣೆದು, ಹುಣಸೆ ಬೀಜದ ಅಂಟು ಹಚ್ಚಿ, ಹಳೇ ಪೇಪರು ಮೆತ್ತಿ ಒಣಗಿಸಿದ್ದವು. ಒಂದಕ್ಕೆ ಎಳೆ ನೇರ, ಇನ್ನೊಂದಕ್ಕೆ ಓರೆ. ಇವನ್ನು ಗಾಳಿಗೆ ಹಿಡಿಯುವುದು ಎಲ್ಲಿ? ಸಾಹೇಬರ ಬಳಿ ಗಾಳಿ ಊದುವ ದೊಡ್ಡ ಕೊಳವೆ ಇತ್ತು. ನಿನಗೆ ಸಿಕ್ಕಿದ್ದು ಕೊರಟಗೆರೆ ಕಡೆ ಹೋಗುವ, ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು. ಡ್ರೈವರ್ ಪಾಷಾ ಸಿರಾದವನು, ಹಿಂದೆ ನೀನು ಅವನ ಮನೆಗೆ ಕೋಳಿಗೂಡು ಹೆಣೆದು ಕೊಟ್ಟಿದ್ದ ಸಲಿಗೆ. ‘ಕ್ಯಾ ಚಾಚಾ, ಬಸ್ಸಿಗೇ ರೆಕ್ಕೆ ಕಟ್ಬುಟ್ರಾ? ಇದು ಹಾರ್ಕಂಡ್ ಹೋದ್ರೆ ನನ್ ನೌಕರಿ ಖತಂ!’ ಎಂದು ನಕ್ಕ. ನಕ್ಕರೂ ಮೇಲಿನ ಸಾಮಾನು ಕಟ್ಟುವ ಕಂಬಿಗೆ ಎಡಕ್ಕೊಂದು ಬಲಕ್ಕೊಂದು ರೆಕ್ಕೆಯನ್ನು ಅವನೇ ಹಗ್ಗ ಬಿಗಿದು ಕೊಟ್ಟ. ನಾವಿಬ್ಬರೂ ಮೇಲೆ ಹತ್ತಿ ಮೂಟೆಗಳ ನಡುವೆ ಕೂತೆವು. ಒಳಗಿನವರು ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದರು. ಒಬ್ಬ ಮುದುಕಿಯಂತೂ ದೃಷ್ಟಿ ತೆಗೆಯುವುದಕ್ಕೆ ಕಟ್ಟಿದ್ದಾರೆ ಎಂದು ಕೈಮುಗಿದಳು.

ಇಳಿಜಾರಿನಲ್ಲಿ ಪಾಷಾ ಬಸ್ಸನ್ನು ಬಿಟ್ಟೇಬಿಟ್ಟ. ನೇರ ಎಳೆಯ ಎಡಗಡೆಯದು ಒಮ್ಮೆ ಅದುರಿತು, ಪಟ್ ಎಂದಿತು, ನಾನು ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಕಂಬಿಯಲ್ಲಿ ನಾಲ್ಕು ಸೀಳು ಬಿದಿರು ಉಳಿದಿತ್ತು, ಉಳಿದದ್ದು ಹಿಂದಿನ ರಾಗಿ ಹೊಲದಲ್ಲಿ. ಬಲಗಡೆಯದು ಗುಂಯ್ ಎನ್ನುತ್ತಾ ಹೊಳೆಯ ಬಳಿ ಬಸ್ಸು ನಿಲ್ಲುವವರೆಗೂ ಹಾಗೇ ನಿಂತಿತು. ನೀನು ನನ್ನ ಬೆನ್ನಿಗೆ ಗುದ್ದಿ ‘ನೋಡಿದ್ಯೇನ್ಲಾ! ನೋಡಿದ್ಯೇನ್ಲಾ!’ ಎಂದು ಕೂಗಿದೆ. ನನ್ನ ಜೀವಮಾನದಲ್ಲಿ ನಿನ್ನನ್ನು ಅಷ್ಟು ಖುಷಿಯಾಗಿ ಕಂಡದ್ದು ಅದೊಂದೇ ಸಲ. ‘ನಿಮ್ ದೊರೆಗೆ ಬರಿ, ಕರ್ಕಂಡ್ ಬಾ, ನಾನೇ ಹೇಳ್ತೀನಿ’ ಅಂದೆ. ಬರೆಯುತ್ತೇನೆ, ಖಂಡಿತ ಕರೆದುಕೊಂಡು ಬರುತ್ತೇನೆ ಎಂದು ನಾನು ಮಾತು ಕೊಟ್ಟೆ.

ಬರೆದೆ ಮಾವ. ಎರಡು ಪುಟ, ಇಂಗ್ಲಿಷಿನಲ್ಲಿ, ನಾಲ್ಕು ಸಲ ತಿದ್ದಿ. ‘ನನ್ನ ಮಾವ ಹೇಳುವ ಪ್ರಕಾರ ಈ ರೆಕ್ಕೆ ಬ್ರೇಕ್ ಆಗುತ್ತದೆ. ಎಳೆಗಳನ್ನು ಓರೆಯಾಗಿ ಹೆಣೆದರೆ ಬ್ರೇಕ್ ಆಗುವುದಿಲ್ಲ.’ ಕೆಳಗೆ ಬಸ್ಸಿನ ವಿಷಯವನ್ನೂ ಬರೆದಿದ್ದೆ. ಸಾಹೇಬರು ಪೂರ್ತಿ ಓದಿದರು. ಕೆಟ್ಟ ಮನುಷ್ಯರಲ್ಲ ಅವರು, ನಗಲಿಲ್ಲ. ಕಪಾಟು ತೆರೆದು ಮೂರು ಮುರುಕು ಮರದ ರೆಕ್ಕೆ ತೆಗೆದು ಮೇಜಿನ ಮೇಲಿಟ್ಟರು. ‘ಮೂರನ್ನೂ ಗಾಳಿ ಕೊಳವೆಯಲ್ಲಿಟ್ಟೆ, ಮೂರೂ ಮುರಿದವು. ದಪ್ಪ ಮಾಡಿಸಿದರೂ ಮುರಿಯಿತು. ಮುರಿಯುತ್ತದೆ ಎಂದು ಹೇಳುವುದಕ್ಕೆ ನನಗೆ ನಿನ್ನ ಮಾವ ಬೇಕಿಲ್ಲ. ಯಾಕೆ ಮುರಿಯುತ್ತದೆ? ಅದನ್ನು ಕೇಳಿಕೊಂಡು ಬಾ’ ಅಂದರು.

ಆಮೇಲಿನ ಭಾನುವಾರದ ನಮ್ಮ ಜಗಳವನ್ನು ನೆನೆಸಿಕೊಂಡರೆ ಈಗ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಸಾಹೇಬರು ಯಾಕೆ ಮುರಿಯುತ್ತದೆ ಎಂದು ಕೇಳುತ್ತಾರೆ ಮಾವ, ಅಂದೆ. ‘ಹೇಳಿದ್ನಲ್ಲೋ. ಮುರೀತದೆ, ಅದುಕ್ಕೆ!’ ಅಂದೆ ನೀನು. ಮುರಿಯುವುದು ಗೊತ್ತು, ಕಾರಣ ಹೇಳು. ‘ಕಾರಣಾನೇ ಹೇಳ್ತಾ ಇವ್ನಿ, ಮುರೀತದೆ ಅಂತ!’ ಹೀಗೇ ಅರ್ಧ ಗಂಟೆ. ಗಾಣದ ಎತ್ತಾದರೂ ನಡುವೆ ನಿಲ್ಲುತ್ತದೆ, ನಾವು ನಿಲ್ಲಲಿಲ್ಲ. ಕೊನೆಗೆ ನಾನು ಬಾಯಿ ಜಾರಿದೆ. ‘ನಿನಗೆ ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನು, ಸುಮ್ಮನೆ ಬಡಾಯಿ ಕೊಚ್ಚಬೇಡ’ ಅಂದೆ. ನೀನು ಎದ್ದು ಹೋಗಿ ಆ ಓರೆ ರೆಕ್ಕೆಯನ್ನು ಅಟ್ಟಕ್ಕೆ ಎಸೆದೆ. ಸಾಹೇಬರಿಗೆ ತೋರಿಸಲು ಅದನ್ನಾದರೂ ಕೊಡು ಅಂದರೆ, ‘ನಿಮ್ ದೊರೆಗೆ ಬೇಕಾದ್ರೆ ಬಂದ್ ನೋಡ್ಲಿ’ ಅಂದೆ. ಅತ್ತೆ ರೊಟ್ಟಿ ತಟ್ಟಿಟ್ಟಿದ್ದಳು. ತಿನ್ನದೆ ಹೊರಟುಬಂದೆ.

ಅದಾದ ಮೇಲೆ ನಾನು ಬರಲಿಲ್ಲ. ಎರಡು ತಿಂಗಳು! ಬೆಂಗಳೂರಿಗೂ ಮಧುಗಿರಿಗೂ ಏನು ಕಾಶಿಯಷ್ಟು ದೂರವಿತ್ತೇ? ನೀನಾದರೂ ಯಾರ ಕೈಯಲ್ಲಾದರೂ ಒಂದು ಮಾತು ಹೇಳಿ ಕಳಿಸಬಹುದಿತ್ತು. ಪಾಷಾ ಕೈಯಲ್ಲೇ ಬೇಡ, ತುಮಕೂರಿಗೆ ಬುಟ್ಟಿ ಹೊತ್ತುಕೊಂಡು ಹೋಗುವವರ ಕೈಯಲ್ಲಾದರೂ… ಹೋಗಲಿ. ನಿನ್ನ ಜ್ವರದ ಸುದ್ದಿ ನನಗೆ ಮುಟ್ಟಿದಾಗ ಜ್ವರವೂ ಮುಗಿದಿತ್ತು, ನೀನೂ ಮುಗಿದಿದ್ದೆ.

ನಿನ್ನ ತಿಥಿಯ ದಿನ ಊಟಕ್ಕೆ ಬಂದಿದ್ದ ನಿನ್ನ ದಾಯಾದಿಯ ಹೆಂಡತಿ ಗೊತ್ತಲ್ಲ, ಪಾಯಸ ಬಡಿಸಿದರೆ ಬೆಲ್ಲ ಕಡಿಮೆ ಎಂದವಳು. ಅವಳು ಹೋದ ಮೇಲೆ ಅತ್ತೆ ಪಾತ್ರೆ ಬೆಳಗುತ್ತಾ, ‘ಸಾವಿನ್ ಮನೆಗ್ ಬಂದೂ ಮೂಗು ಮುರೀತಾಳಲ್ಲ ಅಬ್ಬಾಯಿ, ಇವ್ಳಿಗೆ ಏಮನ್ಬೇಕು!’ ಅಂದಳು. ಹುಟ್ಟಿದ್ದು ಪಾವಗಡದಲ್ಲಿ, ಸಿಟ್ಟು ಬಂದಾಗ ಅವಳ ತೆಲುಗು ಇಣುಕುವುದು ನಿನಗೆ ಗೊತ್ತೇ ಇದೆ. ನಾನು ಎಂಜಲೆಲೆ ಎತ್ತುತ್ತಿದ್ದವನು ಅಲ್ಲೇ ನಿಂತೆ.

ಮೂಗು ಮುರಿಯುತ್ತಾಳೆ. ಮೂಗು ಮುರಿದರೆ ಮೂಗು ತುಂಡಾಗಿ ಬೀಳುತ್ತದೆಯೇ? ಬೆಳಿಗ್ಗೆ ಎದ್ದು ಮೈ ಮುರಿಯುತ್ತೇವೆ, ಮೈ ಎರಡಾಗುತ್ತದೆಯೇ? ಸೊಟ್ಟಗೆ ತಿರುಗುತ್ತದೆ. ತಿರುಚಿಕೊಳ್ಳುತ್ತದೆ. ನೀನು ಹೇಳಿದ್ದು ಅದು! ರೆಕ್ಕೆ ತುಂಡಾಗುತ್ತದೆ ಎಂದು ನೀನು ಹೇಳಲೇ ಇಲ್ಲ. ಗಾಳಿಗೆ ತುದಿ ಮೇಲಕ್ಕೆ ಬಾಗುತ್ತದೆ, ಬಾಗಿದಷ್ಟೂ ಅಂಚು ಗಾಳಿಗೆ ತಿರುಚಿಕೊಳ್ಳುತ್ತದೆ, ತಿರುಚಿಕೊಂಡಷ್ಟೂ ಗಾಳಿ ಇನ್ನಷ್ಟು ಹಿಡಿಯುತ್ತದೆ, ಕೊನೆಗೆ ಹರಿದುಹೋಗುತ್ತದೆ. ಎಳೆಯನ್ನು ಓರೆಗೆ ಹಾಕುವುದು ಗಟ್ಟಿ ಮಾಡುವುದಕ್ಕಲ್ಲ, ಬಾಗುವಾಗ ಅದು ಇನ್ನೊಂದು ಕಡೆಗೆ ತಿರುಗಲಿ ಎಂದು. ಯಾಕೆ ಮುರಿಯುತ್ತದೆ ಎಂದು ಸಾಹೇಬರು ಕೇಳಿದರು. ಮುರಿಯುತ್ತದೆ, ಅದಕ್ಕೇ ಮುರಿಯುತ್ತದೆ ಎಂದು ನೀನು ಹೇಳಿದೆ. ಅದೇ ಸರಿಯಾದ ಉತ್ತರ. ನಾನು ನಡುವೆ ನಿಂತು ಎರಡಕ್ಕೂ ‘ಬ್ರೇಕ್’ ಎಂದು ಬರೆದೆ. ‘ಟ್ವಿಸ್ಟ್’ ಅನ್ನುವ ಮಾತು ನನಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು! ಇಂಗ್ಲಿಷ್ ಬರಲಿಲ್ಲ ಅಂದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ನನಗೆ ಬಾರದೆ ಹೋದದ್ದು ಕನ್ನಡ, ಮಾವ. ನನ್ನ ಅವ್ವನ ಮನೆಯ ಕನ್ನಡ.

ನಿನಗೂ ಒಂದು ಮಾತು ಕೇಳುತ್ತೇನೆ. ಅಷ್ಟು ಹೊತ್ತು ಕಿರುಚಾಡಿದೆಯಲ್ಲ, ನಡುವೆ ಒಂದೇ ಒಂದು ಸಲ ನನ್ನ ಕಿವಿ ಹಿಡಿದು ತಿರುವಿ, ‘ಇಂಗೆ ಕಣ್ಲಾ’ ಎಂದು ತೋರಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಚಿಕ್ಕಂದಿನಲ್ಲಿ ಬೇಡದ್ದಕ್ಕೆಲ್ಲ ತಿರುವಿದ್ದೀಯಲ್ಲ.

ಬೆಂಗಳೂರಿಗೆ ಹೋದ ದಿನವೇ ಹೊಸದಾಗಿ ಬರೆದೆ. ಅರ್ಧ ಪುಟ ಸಾಕಾಯಿತು. ಸಾಹೇಬರು ನಿಂತುಕೊಂಡೇ ಓದಲು ಶುರುಮಾಡಿದವರು ಕೂತರು. ಆ ಮೂರು ಮುರುಕುಗಳನ್ನು ಮತ್ತೆ ತೆಗೆದು, ಸೀಳಿದ ಜಾಗವನ್ನು ಬೆಳಕಿಗೆ ಹಿಡಿದರು. ಮೂರೂ ಸುರುಳಿ ಸುತ್ತಿದ ಹಾಗೆ ಸೀಳಿದ್ದವು, ಕಣ್ಣಿಗೆ ರಾಚುವಂತೆ. ಇಷ್ಟು ದಿನ ಇಬ್ಬರೂ ನೋಡಿರಲಿಲ್ಲ. ‘ಆ ಮನುಷ್ಯನನ್ನು ಕರೆದುಕೊಂಡು ಬಾ, ನಾಳೆಯೇ’ ಅಂದರು. ತೀರಿಕೊಂಡರು ಅಂದೆ. ಸಾಹೇಬರು ಮುರುಕುಗಳನ್ನು ಮೇಜಿನ ಮೇಲಿಟ್ಟು, ‘ಹಾಗೆ ಹೆಣೆಯಲು ಗೊತ್ತಿರುವವರು ಇನ್ನು ಯಾರಿದ್ದಾರೆ?’ ಎಂದು ಕೇಳಿದರು. ಯಾರೂ ಇಲ್ಲ ಸಾರ್, ಅಂದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಮಾತು ನಮ್ಮ ಮಧುಗಿರಿಯ ಕೋಟೆಯನ್ನು ನೋಡಿಯೇ ಹುಟ್ಟಿತೇನೋ ಅನ್ನಿಸಿತು.

ಇಲ್ಲಿಗೆ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಆ ಭಾನುವಾರ ಅತ್ತೆಯನ್ನು ನೋಡಲು ಹೋದೆ. ಬಿದಿರು ಸೀಳುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ಯಾರೂ ಇಲ್ಲ ಅಂದೆ ಅತ್ತೆ, ಎನ್ನುವಾಗ ನನಗೆ ಅಳುವೇ ಬಂತು. ಅವಳಿಗೆ ಬಂದದ್ದು ಸಿಟ್ಟು. ಮಚ್ಚು ಕೆಳಗಿಟ್ಟಳು.

‘ಯಾರೂ ಇಲ್ಲ ಅಂದ್ಯಾ? ಎರಡು ವರ್ಸದಿಂದ ನಿಮ್ಮಾವುಂಗೆ ಕಣ್ಣು ಕಾಣ್ತಿತ್ತಾ? ಅವ್ರು ಸೀಳೋರು, ಹೇಳೋರು. ಹೆಣ್ದೋರ್ಯಾರು? ನಾನೇನು ಇಲ್ಲಿ ಗೋಡೆ ಕಂಬಾನಾ ಅಬ್ಬಾಯಿ?’

ಹೌದಲ್ಲ ಮಾವ? ಹುಟ್ಟಿದಾಗಿನಿಂದ ನಾನು ನಿಮ್ಮ ಮನೆಗೆ ಬಂದಿದ್ದೇನೆ. ಬಂದಾಗಲೆಲ್ಲ ಅವಳು ಬಾಗಿಲ ಬಳಿ ಹೆಣೆಯುತ್ತಿರುತ್ತಿದ್ದಳು, ನೀನು ಜಗಲಿಯಲ್ಲಿ ಮಾತಾಡುತ್ತಿರುತ್ತಿದ್ದೆ. ನಾನು ಜಗಲಿಯ ಕಡೆಗೇ ಹೋಗುತ್ತಿದ್ದೆ. ಸಾಹೇಬರಿಗೆ ಮೊದಲ ಸಲ ಒಂದು ಮಾತು ತಪ್ಪು ಬರೆದೆ, ಎರಡನೆಯ ಸಲ ಮನುಷ್ಯರನ್ನೇ ತಪ್ಪು ಹೇಳಿದೆ. ನೀನಾದರೂ ಒಮ್ಮೆ ‘ನಿಮ್ಮತ್ತೆ ಹೆಣ್ದಿದ್ದು’ ಅನ್ನಬಹುದಿತ್ತಲ್ಲ? ಬಸ್ಸಿನ ಮೇಲೆ ಗುದ್ದಿ ಗುದ್ದಿ ಹೇಳಿದೆಯಲ್ಲ, ಅದೊಂದನ್ನು ಬಿಟ್ಟು ಎಲ್ಲವನ್ನೂ…

ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡೇ ಹೊರಟೆ. ಅಟ್ಟದಿಂದ ರೆಕ್ಕೆ ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ‘ದೊರೆ ತಾವ ನಾನ್ ಮಾತಾಡಾಕಿಲ್ಲ, ನೀನೇ ಹೇಳು. ಸರ್ಯಾಗ್ ಹೇಳು’ ಎಂದು ದಾರಿಯುದ್ದಕ್ಕೂ ಹೇಳಿದಳು. ಕಾರ್ಖಾನೆಯ ಗೇಟಿಗೆ ಹೋದರೆ ಸಾಹೇಬರ ಕೋಣೆಗೆ ಬೀಗ. ದೊರೆಗಳೆಲ್ಲ ಗಂಟುಮೂಟೆ ಕಟ್ಟುತ್ತಿರುವ ಕಾಲ ಇದು. ಹಡಗಿಗೆ ಬೇಗ ಜಾಗ ಸಿಕ್ಕಿತೆಂದು ಶನಿವಾರವೇ ಬೊಂಬಾಯಿಗೆ ರೈಲು ಹತ್ತಿದ್ದರು. ನಾನು ‘ಇದ್ದಾರೆ’ ಅಂದಿದ್ದರೆ ಒಂದು ವಾರ ನಿಲ್ಲುತ್ತಿದ್ದರೋ ಏನೋ, ಯಾರಿಗೆ ಗೊತ್ತು? ಹೆಡ್ ಗುಮಾಸ್ತರ ಬಳಿ ನನ್ನ ಹೆಸರಿಗೆ ತಮ್ಮ ಊರಿನ ವಿಳಾಸ ಬರೆದು ಒಂದು ಚೀಟಿ ಬಿಟ್ಟುಹೋಗಿದ್ದರು. ಅತ್ತೆ ಗೇಟಿನ ಹೊರಗೆ ಮರದ ಕೆಳಗೆ ಕೂತಿದ್ದಳು. ಹೋಗಿ ಹೇಳಿದೆ. ‘ಅಷ್ಟು ದೂರದಿಂದ ಬಂದ್ರೆ…’ ಅಂದಳು. ರೆಕ್ಕೆಗೆ ಸೀರೆ ಸರಿಯಾಗಿ ಸುತ್ತಿ ಎದ್ದಳು.

ಅವಳ ಜೊತೆ ಮಧುಗಿರಿಗೆ ಮರಳಿದೆ. ಎರಡು ಮೊಳದ್ದು ಅಂಚೆಗೆ ಹೋಗುವುದಿಲ್ಲ. ಒಂದು ಗೇಣಿನದು ಹೆಣೆದು ಕೊಡು ಅತ್ತೆ, ಕಳಿಸೋಣ, ಅಂದೆ. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಎರಡು ದಿನದಲ್ಲಿ ಹೆಣೆದು ಕೊಟ್ಟಳು. ನಿನ್ನೆ ನಾನು ಅವಳ ಎದುರಿಗೇ ಕೂತು ಕಾಗದ ಬರೆದೆ. ಒಂದೊಂದು ಸಾಲು ಬರೆದಾಗಲೂ ಕನ್ನಡದಲ್ಲಿ ಹೇಳಿದೆ, ಅವಳು ಹ್ಞೂಂ ಅಂದ ಮೇಲೆ ಮುಂದಿನ ಸಾಲು. ಗೇಣಿಗೆ ಎರಡು ಬೆರಳು ಓರೆ ಎಂದು ಬರೆದು ಓದಿದೆ. ಹ್ಞೂಂ ಅನ್ನಲಿಲ್ಲ. ಹುಣಸೆ ಅಂಟಿನ ಬಟ್ಟಲನ್ನು ಸುಮ್ಮನೆ ಒರೆಸಿದ್ದೇ ಒರೆಸಿದ್ದು. ನನಗೆ ಅನುಮಾನ ಬಂತು. ಪೇಪರು ಮೆತ್ತುವ ಮುಂಚೆ ಆ ಗೇಣಿನ ರೆಕ್ಕೆಯನ್ನು ಸ್ಕೇಲು ಹಿಡಿದು ಅಳೆದೆ. ಅಟ್ಟದಿಂದ ಇಳಿದ ದೊಡ್ಡದರ ಪೇಪರನ್ನೂ ಒಂದು ಮೂಲೆಯಲ್ಲಿ ಕಿತ್ತು ಅಳೆದೆ.

ನಾಲ್ಕು ಬೆರಳು, ಮಾವ. ಎರಡರಲ್ಲೂ.

‘ಎರಡು ಬೆರ್ಳು ಸಾಕಾಗಾಕಿಲ್ಲ ಅಂತ ಕೈಗೇ ಗೊತ್ತಾಯ್ತು ಅಬ್ಬಾಯಿ. ಇನ್ನೂ ಮುರೀತಿತ್ತು. ನಮ್ ಪಾವಗಡದಾಗೆ ನಾಲ್ಕು ಹಾಕ್ತೀವಿ, ಹಾಕ್ಬುಟ್ಟೆ. ಪೇಪರ್ ಮೆತ್ತಿದ್ ಮೇಲೇ ಅವ್ರ ಕೈಗ್ ಕೊಟ್ಟಿದ್ದು.’ ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ನೀನು ಒಳಗೆ ಮಲಗಿದ್ದೀಯೇನೋ ಅನ್ನುವ ಹಾಗೆ ದನಿ ತಗ್ಗಿಸಿದಳು. ‘ನಿಮ್ಮಾವುಂಗ್ ಹೇಳ್ಬ್ಯಾಡ. ಎರಡೇ ಬೆರ್ಳು ಸಾಕಾಯ್ತು ಅಂತ ಬಸ್ಸಿಳಿದು ಬಂದು ಎಷ್ಟು ಕುಸಿಯಾಗಿದ್ರು…’

ಕಾಗದದಲ್ಲಿ ನಾಲ್ಕು ಎಂದು ತಿದ್ದಿದೆ. ‘ನನ್ನ ಮಾವ’ ಎಂದಿದ್ದನ್ನು ಹೊಡೆದುಹಾಕಿ ಅತ್ತೆಯ ಹೆಸರು ಬರೆದೆ: ಓಬಳಮ್ಮ, ಪಾವಗಡ. ಅದರ ಕೆಳಗೆ ನಿನ್ನದು: ಕೆಂಪಯ್ಯ, ಮಧುಗಿರಿ. ನಾಳೆ ಅಂಚೆಗೆ ಹಾಕುತ್ತೇನೆ. ಹೇಳಬೇಡ ಅಂದಿದ್ದಳು ಅತ್ತೆ. ಹೇಳಿಬಿಟ್ಟೆ. ಮೂಗು ಮುರಿಯಬೇಡ, ಮಾವ. ಅವಳು ಅಲ್ಲಿಗೆ ಬಂದಾಗ ಗೊತ್ತಿಲ್ಲದವನ ಹಾಗೆ ಇರು.

ನಿನ್ನ ಅಳಿಯ,
ನಂಜುಂಡ